ಕಣ್ಣು ಯಾರ ಸ್ವತ್ತು?

ಮನುಷ್ಯನು ತನ್ನದೆಂದು ಹೇಳಿಕೊಳ್ಳುವ ವಸ್ತುಗಳಲ್ಲಿ ಕೆಲವು ಕಳೆದುಹೋದರೆ ಒಡನೆಯೇ ತಿಳಿಯುತ್ತದೆ. ಹೊಲದ ಬದುವನ್ನು ನೆರೆಯವನು ಒತ್ತಿದರೆ ಆ ಸಂಜೆಯೇ ಜಗಳ. ಪೆಟ್ಟಿಗೆಯೊಳಗಣ ಒಡವೆ ಕಾಣದಾದರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟವಿಲ್ಲ. ಇನ್ನು ಕೆಲವು ವಸ್ತುಗಳುಂಟು. ಅವು ಹೋಗುತ್ತಿರುವಾಗ ಹೋಗುತ್ತಿವೆಯೆಂಬ ಅರಿವೇ ಒಡೆಯನಿಗೆ ಇರುವುದಿಲ್ಲ. ದೃಷ್ಟಿಯೂ ಈ ಎರಡನೆಯ ವರ್ಗಕ್ಕೆ ಸೇರಬಹುದೆಂದು ಹೇಳಿದರೆ ಅನೇಕರು ನಂಬಲಾರರು. "ಕಣ್ಣು ಕಾಣದೆ ಹೋದರೆ ಕಣ್ಣುಳ್ಳವನಿಗೆ ಗೊತ್ತಾಗದೆ ಇರುತ್ತದೆಯೆ?" ಎಂದು ಕೇಳುವರು. ಗೊತ್ತಾಗದೆ ಇರುತ್ತದೆ. ಅದು ಹೇಗೆಂಬುದನ್ನೂ, ಹಾಗೆ ಗೊತ್ತಾಗದೆ ಇರುವುದರಿಂದ ಮನುಷ್ಯನ ಹೊಣೆಯು ಕಡಮೆಯಾಗುವುದೋ ಹೆಚ್ಚುವುದೋ ಎಂಬುದನ್ನೂ ವಿಚಾರಮಾಡತಕ್ಕದ್ದಾಗಿದೆ.

ವಿಚಾರಕ್ಕೆ ಆಧಾರವಾಗಿ ಒಂದು ಸಂಸಾರವನ್ನು ಭಾವಿಸಬಹುದು. ಅಣ್ಣತಮ್ಮಂದಿರು ಇಬ್ಬರು. ಅಣ್ಣನು ತಾಲ್ಲೂಕು ಕಚೇರಿಯ ಕೆಲಸದಿಂದ ವಿಶ್ರಾಂತನಾಗುವುದಕ್ಕೆ ಎರಡು ವರ್ಷ ಉಳಿದಿರುವಾಗ ಹೊಸ ಕನ್ನಡಕಕ್ಕಾಗಿ ಕಣ್ಣಿನ ಡಾಕ್ಟರಲ್ಲಿಗೆ ಹೋಗುತ್ತಾನೆ. ಅವರು ಕನ್ನಡಕದ ನಂಬರನ್ನು ನೋಡಿ ಅಷ್ಟಕ್ಕೇ ಬಿಡದೆ, ಕಣ್ಣಿನ ಒಳಗಿನ ಒತ್ತಡವನ್ನು ಅಳೆದು, ಪಾಪೆಯನ್ನು ಹಿಗ್ಗಿಸಿ ಹಿಂದಿನ ನರವನ್ನು ನೋಡಿ, ಒಂದು ಯಂತ್ರದ ಮುಂದೆ ಗಲ್ಲವೂರಿಸಿ ಕುಳ್ಳಿರಿಸಿ, ನಡುವಿನ ಗುರುತನ್ನೇ ದಿಟ್ಟಿಸುತ್ತ ಅಲ್ಲಲ್ಲಿ ಮಿನುಗುವ ಸಣ್ಣ ಬೆಳಕು ಕಂಡಾಗಲೆಲ್ಲ ಗುಂಡಿಯನ್ನೊತ್ತುವಂತೆ ಹೇಳುತ್ತಾರೆ. ಕೊನೆಗೆ "ನಿಮಗೆ ಗ್ಲಾಕೋಮ ಇದೆ, ಎಡಗಣ್ಣಿನ ಮಗ್ಗುಲ ನೋಟದಲ್ಲಿ ಅರ್ಧಪಾಲು ಆಗಲೇ ಹೋಗಿದೆ" ಎನ್ನುತ್ತಾರೆ. ಅವನು ನಕ್ಕು, "ನನಗೆ ಪಂಚಾಂಗದ ಸಣ್ಣಕ್ಷರವೂ ಕಾಣುತ್ತದಲ್ಲ, ಡಾಕ್ಟರೆ!" ಎನ್ನುತ್ತಾನೆ. ಡಾಕ್ಟರು ನಗದೆ ಹನಿಮದ್ದನ್ನು ಬರೆದುಕೊಟ್ಟು, "ಒಡಹುಟ್ಟಿದವರಿದ್ದರೆ ಅವರೂ ಬಂದು ತೋರಿಸಿಕೊಳ್ಳಲಿ, ಇದು ವಂಶದಲ್ಲಿ ಬರುವುದುಂಟು" ಎಂದು ಹೇಳಿ ಕಳುಹಿಸುತ್ತಾರೆ.

ಅಣ್ಣನು ಒಂದು ತಿಂಗಳು ಮದ್ದನ್ನು ಹಾಕಿಕೊಂಡು ಬಿಟ್ಟುಬಿಡುತ್ತಾನೆ. ಹಾಕಿದಾಗ ಕಣ್ಣು ಉರಿಯಿತು. ಬಿಟ್ಟಾಗ ಏನೂ ಆಗಲಿಲ್ಲ. ತಮ್ಮನಿಗೆ ಮಾತ್ರ ಹೇಳಲಿಲ್ಲ. ಆಗ ಅವನ ಮಗಳಿಗೆ ವರಾನ್ವೇಷಣೆ ನಡೆದಿತ್ತು. "ಆ ಮನೆತನಕ್ಕೆ ಕಣ್ಣಿನ ದೋಷವಂತೆ" ಎಂಬ ಮಾತು ಊರಿನಿಂದೂರಿಗೆ ಹೋಗುವುದಕ್ಕೆ ಎಷ್ಟು ಹೊತ್ತು ಬೇಕು? ಮೂರು ವರ್ಷ ಕಳೆದ ಮೇಲೆ, ದೂರದ ಊರಿನಲ್ಲಿ ಜವಳಿ ಅಂಗಡಿಯನ್ನಿಟ್ಟುಕೊಂಡಿದ್ದ ತಮ್ಮನ ಎಡಗಣ್ಣಿಗೆ ಒಂದು ದಿನ ಕಸ ಬಿದ್ದು, ಅವನು ಅದನ್ನು ಅಂಗೈಯಿಂದ ಮುಚ್ಚಿಕೊಂಡಾಗ ಅಂಗಡಿಯೆಲ್ಲ ಕತ್ತಲಾಯಿತು. ಬಲಗಣ್ಣು ಹೋಗಿ ಎಷ್ಟು ಕಾಲವಾಗಿತ್ತೋ ಅವನಿಗೆ ಗೊತ್ತಿರಲಿಲ್ಲ.

ಈ ಅಣ್ಣನು ದುಷ್ಟನಲ್ಲ. ತಮ್ಮನ ಮಕ್ಕಳ ಓದಿಗೆ ಹಣ ಕಳುಹಿಸಿದವನು. ಹಬ್ಬಕ್ಕೆ ಕರೆಯದೆ ಇದ್ದವನಲ್ಲ. ಹಾಗಾದರೆ ಅವನು ಮಾಡಿದ ತಪ್ಪು ಯಾವುದು, ಎಷ್ಟು, ಯಾರಿಗೆ? ಇದನ್ನು ತೂಗಿನೋಡುವುದಕ್ಕೆ ಮುಂಚೆ ರೋಗದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು.

ಕಣ್ಣಿನ ಮುಂಭಾಗದೊಳಗೆ ತಿಳಿಯಾದ ಒಂದು ದ್ರವವು ಸದಾ ಉತ್ಪನ್ನವಾಗುತ್ತ ಸದಾ ಹೊರಕ್ಕೆ ಹರಿದುಹೋಗುತ್ತಿರುತ್ತದೆ. ಇದು ಕಣ್ಣೀರಲ್ಲ, ಕಣ್ಣೀರು ಹೊರಮೈಯದು, ಇದು ಒಳಗಿನದು. ಈ ದ್ರವವು ಹೊರಬೀಳುವ ದಾರಿ ಕಣ್ಣಿನ ಕರಿಗುಡ್ಡೆಯ ಅಂಚಿನ ಮೂಲೆಯಲ್ಲಿ ಜಾಲರಿಯಂತೆ ಇರುತ್ತದೆ. ಜಾಲರಿಯು ಕಟ್ಟಿಕೊಂಡರೆ, ತೂಬು ಕಟ್ಟಿದ ಕೆರೆಯಂತೆ ಒಳಗೆ ಒತ್ತಡವೇರುತ್ತದೆ. ಆರೋಗ್ಯವಂತರ ಕಣ್ಣಿನಲ್ಲಿ ಈ ಒತ್ತಡವು ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರುಗಳ ಒಳಗಿರುತ್ತದೆ. ಅದು ಏರಿದಾಗ ಪೆಟ್ಟು ಬೀಳುವುದು ಕಣ್ಣಿನ ಹಿಂಬದಿಯ ನರಕ್ಕೆ. ಹತ್ತು ಲಕ್ಷಕ್ಕೂ ಮಿಕ್ಕ ಸೂಕ್ಷ್ಮತಂತುಗಳು ಸೇರಿ ಆದ ಆ ನರವು ಕಂಡದ್ದನ್ನು ಮಿದುಳಿಗೆ ಒಯ್ಯುವ ಒಂದೇ ಒಂದು ದಾರಿ. ಅದರಲ್ಲಿ ಸತ್ತ ತಂತು ಮತ್ತೆ ಹುಟ್ಟುವುದಿಲ್ಲ. ಕೆಲವರ ನರವು ಎಷ್ಟು ಮೃದುವೆಂದರೆ ಒತ್ತಡವು ಕ್ರಮವಾಗಿದ್ದರೂ ಅದು ಸವೆಯುತ್ತದೆ. ಆದಕಾರಣ ಒತ್ತಡವನ್ನು ಒಮ್ಮೆ ಅಳೆದು "ಸರಿಯಿದೆ" ಎಂದು ಎದ್ದುಬರುವುದು ಸಾಲದು, ನರವನ್ನು ನೋಡಿಸಬೇಕು.

ಒತ್ತಡವು ಒಮ್ಮೆಗೇ ಏರುವ ಇನ್ನೊಂದು ಬಗೆಯೂ ಉಂಟು. ಅದರಲ್ಲಿ ಕಣ್ಣು ಕೆಂಪಾಗಿ, ಅರ್ಧತಲೆ ಸಿಡಿದು, ದೀಪದ ಸುತ್ತ ಬಣ್ಣದ ಬಳೆಗಳು ಕಂಡು, ವಾಂತಿಯಾಗುತ್ತದೆ. ಪಿತ್ತವೆಂದು ತಿಳಿದು ಶುಂಠಿಕಷಾಯ ಕುಡಿಸುತ್ತ ಕೂತರೆ ಒಂದೆರಡು ದಿನಗಳಲ್ಲಿ ದೃಷ್ಟಿಯೇ ಹೋಗಬಹುದು. ಸುಶ್ರುತನು ಉತ್ತರತಂತ್ರದಲ್ಲಿ ಎಣಿಸಿರುವ 76 ನೇತ್ರರೋಗಗಳಲ್ಲಿ ಅಧಿಮಂಥವೆಂಬುದು ಇದನ್ನೇ ಹೋಲುತ್ತದೆಂದು ಬಲ್ಲವರು ಹೇಳುವರು. ಕಡೆದಂತಾಗುವ ನೋವೇ ಆ ಹೆಸರಿಗೆ ಕಾರಣ. ನೋವಿರುವ ಈ ಬಗೆಯನ್ನು ಪ್ರಾಚೀನರು ಬಲ್ಲವರಾಗಿದ್ದುದು ಸಹಜ. ನೋವಿಲ್ಲದುದನ್ನು ಅವರು ಹೇಗೆ ತಿಳಿಯಬೇಕು? ಬದುಕಿರುವ ಕಣ್ಣಿನೊಳಗನ್ನು ನೋಡುವ ಉಪಕರಣವನ್ನು ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿದ್ವಾಂಸನು ನಿರ್ಮಿಸಿದುದು 1851ರಲ್ಲಿ. ಗ್ಲಾಕೋಮಕ್ಕೆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವುಂಟೆಂದು ಫಾನ್ ಗ್ರೇಫೆಯು ತೋರಿಸಿದುದು 1857ರಲ್ಲಿ. ಅದಕ್ಕೆ ಮುಂಚೆ ಈ ರೋಗವುಳ್ಳವನಿಗೆ ಅಜ್ಞಾನವು ಅಪರಾಧವಾಗಿರಲಿಲ್ಲ. ಈಗಿನವನ ಸ್ಥಿತಿ ಬೇರೆ.

ಇನ್ನು ಮುಖ್ಯವಾದ ಪ್ರಶ್ನೆ: ಕಾಣದೆ ಹೋಗುತ್ತಿರುವುದು ಏಕೆ ಗೊತ್ತಾಗುವುದಿಲ್ಲ? ಜನರು ಕುರುಡನ್ನು ಕತ್ತಲೆಯೆಂದು ಭಾವಿಸುತ್ತಾರೆ. ನೋಟದಲ್ಲಿ ಒಂದು ಭಾಗ ಹೋದರೆ ಅಲ್ಲಿ ಕರಿಯ ಮಚ್ಚೆಯೊಂದು ಕಾಣಬೇಕೆಂದು ಅವರ ಎಣಿಕೆ. ಆದರೆ ಹಾಗಾಗುವುದಿಲ್ಲ. ಗ್ಲಾಕೋಮವು ಬಹುಮಟ್ಟಿಗೆ ನಡುವಿನ ನೋಟವನ್ನು ಕೊನೆಯವರೆಗೂ ಮುಟ್ಟದೆ ಮಗ್ಗುಲಿನಿಂದ ತಿನ್ನುತ್ತ ಬರುತ್ತದೆ. ಒಂದು ಕಣ್ಣಿಗೆ ಕಾಣದುದನ್ನು ಮತ್ತೊಂದು ಕಣ್ಣು ತುಂಬಿಕೊಡುತ್ತದೆ. ಎರಡಕ್ಕೂ ಕಾಣದುದನ್ನು ಮಿದುಳು ಸುತ್ತಲಿನ ಬಣ್ಣವನ್ನು ಎಳೆದು ಹೊಲಿದು ಮುಚ್ಚಿಬಿಡುತ್ತದೆ. ಗೋಡೆಯ ಮೂಲೆಯಲ್ಲಿದ್ದ ತಂಬಿಗೆ ಕಾಣುವುದಿಲ್ಲ. ಆದರೆ ತಂಬಿಗೆಯ ಸ್ಥಳದಲ್ಲಿ ಕಪ್ಪು ಕಾಣುವುದಿಲ್ಲ, ಗೋಡೆಯೇ ಕಾಣುತ್ತದೆ.

ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಒಂದು ಪ್ರಮಾಣವಾಗಿ ಒಪ್ಪುವರಷ್ಟೆ. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದುದರಿಂದ ಗಡಿಗೆ ಇಲ್ಲ ಎಂಬ ಜ್ಞಾನವು ಅದರಿಂದ ಹುಟ್ಟುತ್ತದೆ. ಆದರೆ ಅವರು ಅಷ್ಟಕ್ಕೆ ನಿಲ್ಲಲಿಲ್ಲ. ಯಾವುದಾದರೂ ಕಾಣದೆ ಇದ್ದ ಮಾತ್ರಕ್ಕೆ ಅದು ಇಲ್ಲವೆನ್ನಲಾಗದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂಥ ಯೋಗ್ಯತೆ ಇದ್ದಾಗ ಮಾತ್ರ ಕಾಣದಿರುವುದು ಪ್ರಮಾಣ. ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯಿಲ್ಲವೆನ್ನುವವನನ್ನು ಪಾಠಶಾಲೆಯ ಹುಡುಗನೂ ನಗುವನು. "ನನ್ನ ಕಣ್ಣಿನಲ್ಲಿ ದೋಷವೇನೂ ನನಗೆ ಕಾಣುತ್ತಿಲ್ಲ, ಆದುದರಿಂದ ದೋಷವಿಲ್ಲ" ಎಂದ ಅಣ್ಣನ ವಾದವು ಇದೇ ಜಾತಿಯದು. ದೋಷವನ್ನು ಕಾಣಬೇಕಾದ ಕರಣವೇ ದೋಷಕ್ಕೆ ಗುರಿಯಾಗಿರುವಾಗ, ಆ ಕರಣದ ಸಾಕ್ಷ್ಯವನ್ನು ಅದರ ಮೊಕದ್ದಮೆಯಲ್ಲಿಯೇ ತೆಗೆದುಕೊಳ್ಳುವ ನ್ಯಾಯಾಧೀಶನುಂಟೆ? ತನ್ನ ಕಣ್ಣಿನ ವಿಷಯದಲ್ಲಿ ಮನುಷ್ಯನು ತನ್ನ ಪ್ರತ್ಯಕ್ಷವನ್ನು ಬದಿಗಿಟ್ಟು ಮತ್ತೊಬ್ಬನ ಆಪ್ತವಾಕ್ಯವನ್ನು ನಂಬಬೇಕಾಗಿ ಬರುವುದು ವಿಚಿತ್ರವಾದರೂ ನಿಜ.

ಇದರ ಫಲವಾಗಿ ಮನೆಯಲ್ಲಿ ನಡೆಯುವ ಒಂದು ಅನ್ಯಾಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ರೋಗವು ಬಲಿತ ಮನುಷ್ಯನು ಕಿಟಕಿಯ ಬಳಿ ಕುಳಿತು ದಿನಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾನೆ. ಎದ್ದು ಹೊರಟರೆ ಬಾಗಿಲ ನಿಲುವಿಗೆ ಭುಜ ಬಡಿಯುತ್ತದೆ. ಸೂಜಿಗೆ ದಾರ ಪೋಣಿಸುವ ಮುದುಕಿ ಹೊಸ್ತಿಲಲ್ಲಿ ಆಡುವ ಮಗುವನ್ನು ತುಳಿಯುತ್ತಾಳೆ. ಬಡಿಸಿದ ಎಲೆಯ ಬಲಮೂಲೆಯಲ್ಲಿದ್ದ ಪಲ್ಯ ಹಾಗೆಯೇ ಉಳಿಯುತ್ತದೆ. ಮಾಡಿದವಳು ಅದು ರುಚಿಸಲಿಲ್ಲವೆಂದು ಮುಖ ಗಂಟಿಕ್ಕುತ್ತಾಳೆ. ಬೀದಿಯಲ್ಲಿ ಪಕ್ಕದಿಂದ ನಮಸ್ಕಾರ ಹೇಳಿದವನಿಗೆ ಮರುನಮಸ್ಕಾರವಿಲ್ಲ. "ಪಿಂಚಣಿ ಬಂದಮೇಲೆ ಜಂಬ ಬಂತು" ಎಂಬ ಮಾತು ಹುಟ್ಟುತ್ತದೆ. ಅಕ್ಷರ ಕಾಣುವವನಿಗೆ ಕಂಬ ಕಾಣದೆಂಬುದನ್ನು ಯಾರೂ ಒಪ್ಪರು. ಬೇಕೆಂದು ಮಾಡುತ್ತಾನೆ, ಗಮನವಿಲ್ಲ, ಅರವತ್ತರ ಅರಳುಮರಳು ಎಂದು ಮನೆಯವರೇ ತೀರ್ಪು ಕೊಡುವರು. ಪೂರ್ಣಾಂಧನಿಗೆ ಲೋಕವು ಕೋಲನ್ನೂ ಕೈಯನ್ನೂ ಕೊಡುತ್ತದೆ. ಅರ್ಧ ಕಾಣುವವನಿಗೆ ಸಿಗುವುದು ಬೈಗುಳ. ಎಡವಿದವನನ್ನು ಗದರಿಸುವುದಕ್ಕೆ ಮೊದಲು ಅವನನ್ನು ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ಯುವ ಮನೆಗಳು ಎಷ್ಟಿರಬಹುದು?

ಕಣ್ಣಿನ ಪೊರೆಯೊಂದಿಗೆ ಹೋಲಿಸಿದರೆ ಈ ರೋಗದ ಧರ್ಮಸಂಕಟವು ಇನ್ನೂ ಸ್ಪಷ್ಟವಾಗುತ್ತದೆ. ಪೊರೆಯು ಬಂದರೆ ಎಲ್ಲವೂ ಮಂಜಾಗುತ್ತದೆ, ರೋಗಿಗೆ ತಿಳಿಯುತ್ತದೆ, ಶಸ್ತ್ರಕ್ರಿಯೆಯಾದರೆ ಮರುದಿನವೇ ಮೊಮ್ಮಗನ ಮುಖ ಕಾಣುತ್ತದೆ. ಕರ್ಣಾಟಕದ ಜನತೆಗೆ ಈ ಪವಾಡವು ಮನೆಮಾತಾದುದು ಬೀಳಗಿಯಲ್ಲಿ ಜನಿಸಿದ ಡಾಕ್ಟರ್ ಎಂ. ಸಿ. ಮೋದಿಯವರಿಂದ. ಊರೂರಿನ ಶಿಬಿರಗಳಲ್ಲಿ ಸಾಲುಸಾಲಾಗಿ ಮಲಗಿದ ಬಡವರ ಪೊರೆಯನ್ನು ತೆಗೆಯುತ್ತ 2005ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಸಹಸ್ರಾರು ಮನೆಗಳಿಗೆ ಬೆಳಕನ್ನು ತಂದುಕೊಟ್ಟಿದ್ದರು. ಆದರೆ ಆ ಮಹೋಪಕಾರದ ನೆರಳಿನಲ್ಲಿ ಒಂದು ತಪ್ಪು ತಿಳಿವಳಿಕೆಯೂ ಬೆಳೆಯಿತು. ಹೋದ ಕಣ್ಣು ಬರುತ್ತದೆ, ಆತುರವೇನು, ಪೊರೆ ಹಣ್ಣಾಗಲಿ ಎಂಬ ಮಾತು ಹಳ್ಳಿಹಳ್ಳಿಯಲ್ಲಿ ನಿಂತುಬಿಟ್ಟಿತು. ಗ್ಲಾಕೋಮವನ್ನೂ ಹಾಗೆಯೇ ಹಣ್ಣಾಗಲು ಬಿಟ್ಟವರು ಶಿಬಿರಕ್ಕೆ ಬಂದಾಗ ಡಾಕ್ಟರು ಬರಿಗೈಯಲ್ಲಿ ಕಳುಹಿಸಬೇಕಾಗುತ್ತದೆ. ಮದ್ದಾಗಲಿ, ಲೇಸರ್ ಕಿರಣವಾಗಲಿ, ಶಸ್ತ್ರವಾಗಲಿ ಇಲ್ಲಿ ಮಾಡಬಲ್ಲುದು ಇದ್ದುದನ್ನು ಉಳಿಸುವುದಷ್ಟೆ. ಕಣ್ಣಿನ ದಾನವೂ ಇಲ್ಲಿ ಸಹಾಯಕ್ಕೆ ಬಾರದು. ದಾನಿಯ ಕಣ್ಣಿನಿಂದ ತೆಗೆದು ಕಸಿಮಾಡುವುದು ಮುಂದಿನ ಪಾರದರ್ಶಕ ಪಟಲವನ್ನೇ ಹೊರತು ಹಿಂದಿನ ನರವನ್ನಲ್ಲ.

ಕರ್ಮಕಾಂಡವನ್ನು ಬಲ್ಲವರಿಗೆ ಈ ಭೇದವನ್ನು ತಿಳಿಸುವುದು ಸುಲಭ. ಕಾಮ್ಯಕರ್ಮಕ್ಕೆ ಫಲವುಂಟು, ಸ್ವರ್ಗವನ್ನು ಬಯಸುವವನು ಯಾಗ ಮಾಡುತ್ತಾನೆ, ಬಯಸದವನು ಬಿಡುತ್ತಾನೆ. ಸಂಧ್ಯಾವಂದನೆಯೇ ಮೊದಲಾದ ನಿತ್ಯಕರ್ಮವು ಹಾಗಲ್ಲ. ಮಾಡಿದರೆ ಹೊಸದಾಗಿ ಬರುವ ಫಲವಿಲ್ಲ, ಬಿಟ್ಟರೆ ಪ್ರತ್ಯವಾಯವುಂಟು ಎಂಬುದು ಒಂದು ಪಕ್ಷ. ಪೊರೆಯ ಶಸ್ತ್ರಕ್ರಿಯೆ ಕಾಮ್ಯ. ಗ್ಲಾಕೋಮದ ಹನಿಮದ್ದು ನಿತ್ಯ. ಇಂದು ಹಾಕಿಕೊಂಡರೆ ನಾಳೆ ಹೆಚ್ಚು ಕಾಣುವುದಿಲ್ಲ. ಹತ್ತು ವರ್ಷ ತಪ್ಪದೆ ಹಾಕಿಕೊಂಡವನಿಗೆ ದೊರೆಯುವ ಬಹುಮಾನವೇನೆಂದರೆ ಹತ್ತು ವರ್ಷದ ಹಿಂದೆ ಎಷ್ಟು ಕಾಣುತ್ತಿತ್ತೋ ಹೆಚ್ಚುಕಡಮೆ ಅಷ್ಟೇ ಕಾಣುವುದು. ಇದನ್ನು ಬಹುಮಾನವೆಂದು ಎಣಿಸುವ ಬುದ್ಧಿಯು ಎಲ್ಲರಿಗೂ ಸಹಜವಾಗಿ ಬರುವುದಿಲ್ಲ. ಜಪಮಾಡಿ ಎದ್ದವನ ಮುಖದಲ್ಲಿ ಕಾಂತಿಯನ್ನಾದರೂ ಮನೆಯವರು ಕಂಡಾರು. ಹನಿಮದ್ದು ಹಾಕಿಕೊಂಡವನಿಗೆ ಕಣ್ಣುರಿಯೇ ಕಾಣುವ ಫಲ.

ಆದಕಾರಣ ಮದ್ದನ್ನು ಬಿಟ್ಟವನನ್ನು ಸೋಮಾರಿಯೆಂದು ಜರೆಯುವುದು ಯುಕ್ತವಲ್ಲ. ಅವನ ತೊಡಕುಗಳು ಬಲು ಸಣ್ಣವು, ಬಲು ನಿಜವಾದುವು. ನಡುಗುವ ಕೈಯಿಂದ ಹನಿಯು ಕೆನ್ನೆಗೆ ಬೀಳುತ್ತದೆ. ಬಿದ್ದಿತೋ ಇಲ್ಲವೋ ಎಂದು ಮತ್ತೊಂದನ್ನು ಬಿಡುತ್ತಾನೆ. ತಿಂಗಳ ಸೀಸೆ ಹದಿನೈದು ದಿನಕ್ಕೆ ಮುಗಿಯುತ್ತದೆ. ಮತ್ತೆ ಕೊಳ್ಳಲು ಮಗನನ್ನು ಕೇಳಬೇಕು. ಕೇಳುವುದಕ್ಕಿಂತ ಬಿಡುವುದು ಸುಲಭ. ಕೆಳರೆಪ್ಪೆಯನ್ನು ಬೆರಳಿನಿಂದ ತಗ್ಗಿಸಿ ಒಂದೇ ಹನಿಯನ್ನು ಬಿಟ್ಟು, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿಹಿಡಿದರೆ ಸಾಕು. ಕಣ್ಣಿನಲ್ಲಿ ಒಂದು ಹನಿಗಿಂತ ಹೆಚ್ಚು ನಿಲ್ಲುವುದಿಲ್ಲ. ಎರಡು ಬಗೆಯ ಮದ್ದಿದ್ದರೆ ನಡುವೆ ಐದು ನಿಮಿಷದ ಬಿಡುವು ಬೇಕು. ಕೆಲವು ಮದ್ದುಗಳು ಉಬ್ಬಸವುಳ್ಳವರಿಗೆ ಅಪಾಯಕರ. ಟಿಮೊಲಾಲ್ ಎಂಬುದು ಅಂಥದು. ಕಣ್ಣಿನ ಮದ್ದು ಕಣ್ಣಿನಲ್ಲಿಯೇ ಉಳಿಯುತ್ತದೆಂದು ತಿಳಿದು ತಮ್ಮ ಉಬ್ಬಸವನ್ನು ಡಾಕ್ಟರಿಗೆ ಹೇಳದೆ ಇರುವವರುಂಟು. ಯೋಗಾಭ್ಯಾಸಿಗಳು ಇನ್ನೊಂದನ್ನೂ ಅರಿತಿರಬೇಕು: ಶೀರ್ಷಾಸನದಲ್ಲಿರುವಾಗ ಕಣ್ಣಿನೊಳಗಿನ ಒತ್ತಡವು ಸುಮಾರು ಎರಡರಷ್ಟಕ್ಕೆ ಏರುತ್ತದೆ; ಗ್ಲಾಕೋಮ ಉಳ್ಳವರಿಗೆ ಅದು ವರ್ಜ್ಯ. ಕಣ್ಣು ಕೆಂಪಾದ ಮಗುವಿಗೆ ಔಷಧದಂಗಡಿಯಿಂದ ತಾವಾಗಿಯೇ ಹನಿಮದ್ದನ್ನು ತಂದು ತಿಂಗಳುಗಟ್ಟಲೆ ಹಾಕುವ ತಾಯಿತಂದೆಗಳ ವಿಷಯವಂತೂ ಶೋಚನೀಯ. ಅಂಥ ಮದ್ದುಗಳಲ್ಲಿ ಸ್ಟೆರಾಯ್ಡ್ ಇರುವುದುಂಟು. ತುರಿಕೆ ಮಾಯವಾಗುತ್ತದೆ, ಹುಡುಗನು ನಗುತ್ತಾನೆ, ಒಳಗೆ ಒತ್ತಡವೇರಿ ನರವು ಸಾಯುತ್ತಿರುತ್ತದೆ. ಪ್ರೇಮದಿಂದ ಮಾಡಿದುದಾದರೂ ಕೆಟ್ಟುದು ಕೆಟ್ಟುದೇ.

ಇಲ್ಲಿ ಕೆಲವರು ಆಕ್ಷೇಪವೆತ್ತುವರು. ದೇಹವು ನಶ್ವರ, ಇಂದ್ರಿಯಗಳು ಜೀರ್ಣವಾಗುವುದು ಸ್ವಭಾವ, ಪ್ರಾರಬ್ಧವನ್ನು ಹನಿಮದ್ದು ತಪ್ಪಿಸಬಲ್ಲುದೆ? ಹೀಗೆನ್ನುವ ವೇದಾಂತಿಯ ಮನೆಯ ಹೆಂಚು ಒಡೆದು ಮಳೆನೀರು ಸೋರಿದರೆ ಅವನು ಪ್ರಾರಬ್ಧವೆಂದು ನೆನೆಯುತ್ತ ಕೂರುವುದಿಲ್ಲ, ಏಣಿಯನ್ನು ತರಿಸುತ್ತಾನೆ. ಅದಕ್ಕಿಂತ ಹೆಚ್ಚಾಗಿ ಈ ವಾದಕ್ಕೆ ಉತ್ತರ ಬೇಕಿಲ್ಲ.

ಮತ್ತೊಂದು ಆಕ್ಷೇಪವು ಗೌರವಕ್ಕೆ ಪಾತ್ರವಾದುದು. ಹೊರಗಣ್ಣಿಗೆ ಇಷ್ಟು ಮಹತ್ತ್ವವನ್ನು ಕೊಟ್ಟರೆ ಅಂಧರನ್ನು ಹೀನರೆಂದಂತಾಗದೆ ಎಂಬುದು ಅದು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಂಡವರು ಹಾಗೆ ಹೇಳಲಾರರು. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ 2010ರವರೆಗೆ ಶಿಷ್ಯರು ಆ ಆಶ್ರಮವನ್ನು ನಡೆಸಿ, ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥರಚನೆ ಮಾಡಿದರು. ದೃಷ್ಟಿಯಿಲ್ಲದವನ ಬಾಳು ಅಪೂರ್ಣವೆಂಬ ಮಾತಿಗೆ ಇದಕ್ಕಿಂತ ದೊಡ್ಡ ಖಂಡನೆ ಬೇಕೆ? ಆದರೆ ಈ ನಿದರ್ಶನವನ್ನು ಉದಾಸೀನಕ್ಕೆ ಸಮರ್ಥನೆಯಾಗಿ ಎಳೆದುತರುವುದು ಬೇರೆ ಮಾತು. ಬಡತನದಲ್ಲಿ ಮಹಾತ್ಮರು ಹುಟ್ಟಿದ್ದಾರೆಂದು ಮನೆಗೆ ಬೆಂಕಿ ಹಚ್ಚಿಕೊಳ್ಳುವವನು ಯಾರೂ ಇಲ್ಲ. ಒಂದಿಷ್ಟು ಸೂಕ್ಷ್ಮವಾಗಿ ನೋಡಿದರೆ, ಒಳಗಣ್ಣಿನ ಮಹಿಮೆಯನ್ನು ಹೆಚ್ಚಾಗಿ ಕೊಂಡಾಡುವವರು ಎರಡೂ ಹೊರಗಣ್ಣು ನೆಟ್ಟಗಿರುವವರೇ ಆಗಿರುತ್ತಾರೆ.

ಭಾರತದಲ್ಲಿ ಕಣ್ಣಿಗೆ ಸಂಬಂಧಿಸಿದ ಎರಡು ಕಥೆಗಳನ್ನು ಈ ಸಂದರ್ಭದಲ್ಲಿ ಒಟ್ಟಿಗೆ ನೆನೆಯಬಹುದು. ಗಾಂಧಾರಿಯು ತನ್ನ ಗಂಡನಾಗತಕ್ಕವನು ಕುರುಡನೆಂದು ಕೇಳಿ ತಾನೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಳು. ಲೋಕವು ಅದನ್ನು ಪಾತಿವ್ರತ್ಯವೆಂದು ಪೂಜಿಸುತ್ತ ಬಂದಿದೆ. ಆ ಪೂಜೆಯನ್ನು ಇಲ್ಲಿ ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ಅರಮನೆಯಲ್ಲಿ ಕಣ್ಣುಳ್ಳ ತಾಯಿಯೊಬ್ಬಳು ಇರಬಹುದಾಗಿತ್ತು, ಇರಲಿಲ್ಲ. ಬೆಳೆಯುತ್ತಿರುವ ಮಗನ ಮುಖದಲ್ಲಿ ಮತ್ಸರದ ಮೊದಲ ಗೆರೆ ಮೂಡಿದಾಗ ಅದನ್ನು ನೋಡುವವರು ಯಾರು? ಅವಳ ಕಣ್ಣುಗಳು ಅವಳವೇ, ಅವಳು ಕಟ್ಟಿಕೊಂಡಳು. ಆದರೆ ಅವುಗಳ ಮೇಲೆ ಹುಟ್ಟಲಿರುವವರಿಗೂ ಹಕ್ಕಿತ್ತೆಂಬುದನ್ನು ಆ ದಿನ ಯಾರೂ ಅವಳಿಗೆ ಹೇಳಲಿಲ್ಲ.

ಮತ್ತೊಂದು ಆದಿಪರ್ವದ ಉಪಮನ್ಯುವಿನದು. ಧೌಮ್ಯನ ಶಿಷ್ಯನಾದ ಅವನು ಗುರುವು ಒಂದೊಂದಾಗಿ ಆಹಾರದ ದಾರಿಗಳನ್ನೆಲ್ಲ ಮುಚ್ಚಲಾಗಿ, ಹಸಿವು ತಾಳದೆ ಎಕ್ಕದೆಲೆಯನ್ನು ತಿಂದು ಕುರುಡಾಗಿ ಹಾಳುಬಾವಿಯಲ್ಲಿ ಬಿದ್ದನು. ಸಂಜೆಯಾದರೂ ಹುಡುಗ ಬರಲಿಲ್ಲವೆಂದು ಗುರುವು ಕಾಡಿಗೆ ಬಂದು ಕೂಗಿ ಕರೆದನು. ಬಾವಿಯೊಳಗಿಂದ ಉಪಮನ್ಯು ಓಗೊಟ್ಟು, ಎಕ್ಕದೆಲೆಯನ್ನು ತಿಂದುದರಿಂದ ಕಣ್ಣು ಹೋಯಿತು, ಅದರಿಂದ ಬಾವಿಗೆ ಬಿದ್ದೆ ಎಂದು ಇದ್ದುದನ್ನು ಇದ್ದಂತೆ ಹೇಳಿದನು. ಅಶ್ವಿನೀದೇವತೆಗಳನ್ನು ಸ್ತುತಿಸೆಂದು ಗುರುವು ದಾರಿ ತೋರಿಸಿದುದು ಆಮೇಲೆ. ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಗುರುಭಕ್ತಿಯನ್ನೂ ದೇವತಾಪ್ರಸಾದವನ್ನೂ ಎತ್ತಿಹೇಳಿ ನಡುವಿನ ಈ ಓಗೊಡುವಿಕೆಯನ್ನು ದಾಟಿಬಿಡುತ್ತಾರೆ. ಅವನು ನಾಚಿ ಬಾಯಿ ಮುಚ್ಚಿಕೊಂಡಿದ್ದರೆ ದೇವವೈದ್ಯರಿಗೂ ಮಾಡಲು ಕೆಲಸವಿರುತ್ತಿರಲಿಲ್ಲ.

ಆ ಅಣ್ಣನ ತಪ್ಪನ್ನು ಈಗ ತೂಗಬಹುದು. ತನ್ನ ಮದ್ದನ್ನು ತಾನು ಬಿಟ್ಟುದು ಒಂದು. ತಮ್ಮನಿಗೆ ಹೇಳದೆ ಇದ್ದುದು ಮತ್ತೊಂದು. ಮೊದಲನೆಯದನ್ನು ಅವಿವೇಕವೆಂದು ಕ್ಷಮಿಸಬಹುದು. ಅದೂ ಪೂರ್ತಿಯಾಗಿ ಅಲ್ಲ. ಏಕೆಂದರೆ ಅವನು ಸಂಜೆ ಸ್ಕೂಟರಿನ ಮೇಲೆ ಮಾರುಕಟ್ಟೆಗೆ ಹೋಗುತ್ತಾನೆ. ಎಡಗಡೆಯ ಸಂದಿಯಿಂದ ಓಡಿಬರುವ ಹುಡುಗನ ಪಾಲಿಗೆ ಅವನ ಮಗ್ಗುಲ ನೋಟವೇ ಪ್ರಾಣ. ಆದರೂ ತನ್ನ ದೇಹದ ವಿಷಯದಲ್ಲಿ ಮನುಷ್ಯನಿಗೆ ಒಂದಿಷ್ಟು ಮೂರ್ಖತನದ ಸ್ವಾತಂತ್ರ್ಯವನ್ನು ಲೋಕವು ಬಿಟ್ಟುಕೊಟ್ಟಿದೆ. ಎರಡನೆಯದಕ್ಕೆ ಆ ರಿಯಾಯಿತಿ ಇಲ್ಲ. ಗ್ಲಾಕೋಮವುಳ್ಳವನ ಒಡಹುಟ್ಟಿದವರಲ್ಲಿಯೂ ಮಕ್ಕಳಲ್ಲಿಯೂ ಈ ರೋಗದ ಸಂಭವವು ಇತರರಿಗಿಂತ ಹಲವು ಪಟ್ಟು ಹೆಚ್ಚು. ಭಾರತದಲ್ಲಿ ನಲವತ್ತು ದಾಟಿದವರಲ್ಲಿ ಒಂದು ಕೋಟಿಗೂ ಮಿಕ್ಕ ಜನರಿಗೆ ಇದು ಇದೆಯೆಂದೂ, ಅವರಲ್ಲಿ ಬಹುಪಾಲಿನವರಿಗೆ ಅದು ಗೊತ್ತೇ ಇಲ್ಲವೆಂದೂ ನೇತ್ರವೈದ್ಯರ ಅಂದಾಜು. ಆ ಬಹುಪಾಲಿನವರಲ್ಲಿ ತಮ್ಮನೂ ಒಬ್ಬನಾಗಿದ್ದನು. ಅವನಿಗೆ ಎಚ್ಚರಿಕೆ ಕೊಡಬಲ್ಲವನು ಪ್ರಪಂಚದಲ್ಲಿ ಒಬ್ಬನೇ ಒಬ್ಬನಿದ್ದನು. ಆ ಒಬ್ಬನು ಸುಮ್ಮನಿದ್ದನು. ರೋಗದ ಸುದ್ದಿಯು ಅವನ ಕೈಗೆ ಬಂದುದು ಅವನ ಸ್ವತ್ತಾಗಿ ಅಲ್ಲ, ತಮ್ಮನ ವಿಳಾಸ ಬರೆದ ಕಾಗದದಂತೆ. ಅಂಥ ಕಾಗದವನ್ನು ಮೂರು ವರ್ಷ ಪೆಟ್ಟಿಗೆಯಲ್ಲಿಟ್ಟವನನ್ನು ಏನೆನ್ನಬೇಕು?

ಅವನ ಪರವಾಗಿ ಹೇಳಬಹುದಾದುದು ಇಷ್ಟು. ಅವನು ಸುಮ್ಮನಿದ್ದುದು ಮಗಳಿಗಾಗಿ. ಹೆಣ್ಣು ನೋಡಲು ಬಂದವರು ಎತ್ತು ಕೊಳ್ಳುವವರಂತೆ ಮನೆತನದ ಹಲ್ಲೆಣಿಸುವ ಸಮಾಜದಲ್ಲಿ ಸತ್ಯವನ್ನು ಹೇಳುವುದಕ್ಕೆ ತೆರಬೇಕಾದ ಬೆಲೆ ಹುಡುಗಿಯ ಬಾಳಾದರೆ, ತಂದೆಯಾದವನು ಹಿಂಜರಿಯುವುದು ಅಸಹಜವಲ್ಲ. ಈ ಮೌನದಲ್ಲಿ ಒಂದು ಪಾಲು, ಅವನನ್ನು ಹಾಗೆ ಹೆದರಿಸಿದ ಬೀಗರ, ನೆಂಟರ, ಊರಿನವರ ಪಾಲು. ಇದನ್ನು ಒಪ್ಪಿದರೂ ತೊಡಕು ಬಿಡಿಸಿದಂತಾಗದು. ತಮ್ಮನಿಗೆ ಹೇಳುವುದು ಬೇರೆ, ಊರಿಗೆ ಸಾರುವುದು ಬೇರೆ. ಮುಚ್ಚಿದ ಲಕೋಟೆಯಲ್ಲಿ ಎರಡು ಸಾಲು ಬರೆಯಬಹುದಾಗಿತ್ತು. ದೂರವಾಣಿಯಲ್ಲಿ ಒಂದು ಮಾತು ಹೇಳಬಹುದಾಗಿತ್ತು. "ನಲವತ್ತು ದಾಟಿದೆಯಲ್ಲಪ್ಪ, ಒಮ್ಮೆ ಕಣ್ಣಿನ ನರ ತೋರಿಸಿಕೊ" ಎಂದಿದ್ದರೆ ರೋಗದ ಹೆಸರನ್ನು ಎತ್ತುವ ಅಗತ್ಯವೂ ಇರಲಿಲ್ಲ. ಆದುದರಿಂದ ಅವನನ್ನು ತಡೆದುದು ಮಗಳ ಮದುವೆಯೊಂದೇ ಅಲ್ಲ. ತಮ್ಮನಿಗೆ ಹೇಳಿದರೆ ತನಗೆ ರೋಗವಿರುವುದು ನಿಜವಾಗಿಬಿಡುತ್ತದೆ. ಹೇಳದೆ ಇದ್ದಷ್ಟು ದಿನವೂ ಅದು ಡಾಕ್ಟರ ಚೀಟಿಯಲ್ಲಿ ಮಾತ್ರ ಇರುತ್ತದೆ. ತಾನು ಕಾಣಲೊಲ್ಲದುದನ್ನು ಇನ್ನೊಬ್ಬನು ಕಂಡಾನೆಂಬ ಭಯವೇ ಇಂಥ ಮೌನಗಳ ಬೇರು.

ಬೀಗರಿಗೆ ಹೇಳಬೇಕೆ ಎಂಬ ಪ್ರಶ್ನೆಯು ಉಳಿಯುತ್ತದೆ. ಕೆಲವು ಧರ್ಮಿಷ್ಠರು ಹೇಳಲೇಬೇಕೆನ್ನುವರು. ಅದು ಅತಿಯೆಂದು ತೋರುತ್ತದೆ. ತಂದೆಗೆ ಇದ್ದ ಮಾತ್ರಕ್ಕೆ ಮಗಳಿಗೆ ಬಂದೇ ತೀರುವುದಿಲ್ಲ; ಬಂದರೂ ಬಹುಮಟ್ಟಿಗೆ ನಡುವಯಸ್ಸಿನ ಮೇಲೆ; ಹೊತ್ತಿಗೆ ಸರಿಯಾಗಿ ತಿಳಿದರೆ ಹನಿಮದ್ದಿನಿಂದಲೇ ಬಾಳೆಲ್ಲ ಕಣ್ಣನ್ನು ಉಳಿಸಿಕೊಳ್ಳುವವರೇ ಹೆಚ್ಚು. ಇಂಥ ಒಂದು ಸಂಭವವನ್ನು ದೋಷವೆಂದು ಪಟ್ಟಿಮಾಡಿ ಕೊಡಬೇಕಾದರೆ ಯಾವ ಮನೆಯ ಹೆಣ್ಣಿಗೂ ಗಂಡಿಗೂ ಮದುವೆಯಾಗದು. ಆದರೆ ಮಗಳಿಗೆ ಹೇಳದೆ ಇರುವ ಅಧಿಕಾರವು ತಂದೆಗಿಲ್ಲ. ಅವಳು ಮುಂದೆ ನಲವತ್ತನ್ನು ಮುಟ್ಟುವ ಹೊತ್ತಿಗೆ ಅವನಿರುತ್ತಾನೋ ಇಲ್ಲವೋ. ಗಂಡನಿಗೆ ಹೇಳುವುದೋ ಬಿಡುವುದೋ, ಯಾವಾಗ ಹೇಳುವುದೋ, ಅದನ್ನು ತೀರ್ಮಾನಿಸತಕ್ಕವಳು ಅವಳು.

ತಮ್ಮನ ಕಡೆಯ ಮಾತನ್ನೂ ಕೇಳದೆ ಬಿಡಬಾರದು. ಅವನು ಅಣ್ಣನನ್ನು ಬೈಯುವುದಿಲ್ಲ; ಆ ಮನೆಗಳಲ್ಲಿ ಅಣ್ಣನನ್ನು ಬೈಯುವ ಪದ್ಧತಿಯಿಲ್ಲ. ಉಳಿದ ಒಂದು ಕಣ್ಣಿನಲ್ಲಿ ಎಷ್ಟು ನೋಟವಿದೆಯೋ ಅಷ್ಟನ್ನು ಕಾಪಾಡಿಕೊಳ್ಳಲು ದಿನವೂ ರಾತ್ರಿ ಅಂಗಡಿಯ ಕದ ಹಾಕಿ ಬಂದ ಕೂಡಲೆ ಮದ್ದನ್ನು ಹಾಕಿಸಿಕೊಳ್ಳುತ್ತಾನೆ. ಹಾಕುವವಳು ಹೆಂಡತಿ. ಹಬ್ಬಕ್ಕೆ ಅಣ್ಣನು ಬಂದಾಗ ಅದೇ ವೇಳೆಗೆ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, "ಅಣ್ಣ, ನಿನ್ನ ಸೀಸೆ ಎಲ್ಲಿ?" ಎಂದು ಕೇಳುತ್ತಾನೆ. ಅಣ್ಣನು ಜೇಬನ್ನು ತಡಕಿ, ಊರಿನಲ್ಲಿ ಮರೆತುಬಂದೆನೆನ್ನುತ್ತಾನೆ. ತಮ್ಮನು ಮಗನನ್ನು ಕರೆದು, ಚೀಟಿಯನ್ನು ಕೊಟ್ಟು, ಮದ್ದಿನಂಗಡಿ ಮುಚ್ಚುವುದರೊಳಗಾಗಿ ಓಡೆಂದು ಕಳುಹಿಸುತ್ತಾನೆ.